ಹನ್ನೆರಡನೆಯ ಜೊತೆ ಪಾದ

“ಕಾಲು ತೊಳೆಯುವ ಕಾರ್ಯಕ್ರಮಕ್ಕೆ ಬರೋ ಮುಂಚೆ ಎಲ್ಲರೂ ಚೆನ್ನಾಗಿ ಕಾಲು ತೊಳ್ಕೊಂಡು ಬನ್ನಿ. ಸೋಪು ಹಾಕಿ!” ಎಂದು ಜಯಶೀಲ ಗೋಡೌನಿನ ಬಾಗಿಲಲ್ಲಿ ನಿಂತು ಕೂಗಿ ಹೇಳಿದ.

ಚೆಟ್ಟಳ್ಳಿಯ ಆ ಕಾಫಿ ತೋಟದ ಗೋಡೌನಿನಲ್ಲಿ ಮೈಸೂರಿನ ಕ್ರೈಸ್ತ ವಿದ್ಯಾರ್ಥಿಗಳ ಶಿಬಿರ ನಡೆದಿತ್ತು. ಫ್ರೇಜರ್‌ಪೇಟೆಯ ಸೇತುವೆ ದಾಟಿ, ಆಗಿನ್ನೂ ಬೇರೆಯಾಗಿದ್ದ ಕೊಡಗು ರಾಜ್ಯಕ್ಕೆ ಬಂದಿಳಿದ, ಜಯಶೀಲನೂ ಸೇರಿ ಹದಿಮೂರು ಹುಡುಗರು ದಸರಾ ರಜೆಯ ಐದು ದಿನ ಬೈಬಲ್ ಓದಿ, ಹಾಡಿ, ನಾಯಕನಾದವನು ಹೇಗಿರಬೇಕೆಂದು ಗಂಟಲು ಒಣಗುವಷ್ಟು ಚರ್ಚಿಸಿದ್ದರು. ಇವತ್ತು ಸಂಜೆ ಅವರ ಸಂಘಕ್ಕೆ ಮುಂದಿನ ವರ್ಷದ ಕಾರ್ಯದರ್ಶಿಯ ಆಯ್ಕೆ. ಆ ಸ್ಥಾನದ ಮೇಲೆ ಜಯಶೀಲನಿಗೆ ಕಣ್ಣಿತ್ತು. ಯೇಸುಸ್ವಾಮಿ ಕೊನೆಯ ಊಟದ ಹೊತ್ತಿನಲ್ಲಿ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದಂತೆ, ಮತ ಹಾಕುವ ಮುಂಚೆ ತಾನೂ ಎಲ್ಲರ ಕಾಲು ತೊಳೆದರೆ? ಹಾಗೆಂದು ಅದು ಬರೀ ಮತ ಗಿಟ್ಟಿಸುವ ಉಪಾಯವೂ ಅಲ್ಲ. ಹಿಂದಿನ ದಿನ ಆ ಭಾಗ ಓದುವಾಗ ಅವನ ದನಿ ನಿಜವಾಗಿಯೂ ನಡುಗಿತ್ತು.

ಕಾಫಿ ಒಣಗಿಸುವ ಕಣದ ಪಕ್ಕ, ಹುಲ್ಲಿನ ಮೇಲೆ ಬೆಂಚು ಹಾಕಿಸಿದ. ಹಿತ್ತಾಳೆ ಬೋಗುಣಿ ತುಂಬ ಬಿಸಿನೀರು, ಸೊಂಟಕ್ಕೆ ಹೊಸ ಟವೆಲು. ತಾನೂ ಚಪ್ಪಲಿ ಬಿಟ್ಟು ಬಂದ. ಎಣಿಸಿ ನೋಡಿದರೆ ಬೆಂಚಿನ ಮೇಲೆ ಹನ್ನೊಂದೇ ಮಂದಿ! ಒಬ್ಬನಿಗೆ ಜ್ವರ ಬಂದು ಬೆಳಗ್ಗೆಯೇ ಮಡಿಕೇರಿಯ ಆಸ್ಪತ್ರೆಗೆ ಹೋಗಿದ್ದ.

“ಸಾರ್, ಒಬ್ಬ ಕಮ್ಮಿ. ನೀವು ಕೂತ್ಕೊಳ್ಳಿ ಸಾರ್” ಎಂದು ಜಯಶೀಲ ಸತ್ಯನಾಥ ಮೇಷ್ಟ್ರನ್ನು ಕರೆದ. ಈ ವಿದ್ಯಾರ್ಥಿ ಸಂಘವನ್ನು ಹದಿನೈದು ವರ್ಷದ ಹಿಂದೆ ಕಟ್ಟಿದವರಲ್ಲಿ ಅವರೂ ಒಬ್ಬರು. ಈಗ ಮಡಿಕೇರಿಯಲ್ಲಿ ಮೇಷ್ಟ್ರು. ಶಿಬಿರಕ್ಕೆ ಅವರೇ ಮಾರ್ಗದರ್ಶಕರು.

“ನನ್ನ ಕಾಲಿನ ಆಣಿ ನೋಡಿದ್ರೆ ನಿನ್ನ ಭಕ್ತಿ ಹಾರಿಹೋದೀತು ಮಾರಾಯ. ಅಗೋ, ದೊಡ್ಡಿ ಬಂದ್ಲು. ಅವಳನ್ನ ಕೂರಿಸು” ಎಂದರು ಮೇಷ್ಟ್ರು.

ಹಗಲೆಲ್ಲ ತೋಟದಲ್ಲಿ ಕಳೆ ತೆಗೆದು, ಸಂಜೆ ಶಿಬಿರದ ಅಡುಗೆ ಮಾಡುತ್ತಿದ್ದ ದೊಡ್ಡಿ ಸೌದೆ ಹೊರೆ ಇಳಿಸಿದಳು. “ನಾನ್ಯಾಕಯ್ಯಾ? ಒಲೆ ತಾವ ಕೆಲ್ಸ ಐತೆ.”

“ಒಂದೇ ನಿಮಿಷ ಕೂತ್ಕೊಳ್ಳಮ್ಮ.”

ಬೆಂಚಿನ ತುದಿಯಲ್ಲಿ, ಬಿದ್ದೇ ಹೋಗುತ್ತೇನೇನೋ ಎಂಬಂತೆ ಅವಳು ಕೂತಳು.

ಹನ್ನೊಂದು ಜೊತೆ ಪಾದ ತೊಳೆದರೂ ಬೋಗುಣಿಯ ನೀರು ಆಗಷ್ಟೇ ಸೇದಿದಂತೆ ತಿಳಿಯಾಗಿತ್ತು. ಹನ್ನೆರಡನೆಯ ಜೊತೆಯ ಮುಂದೆ ಜಯಶೀಲ ಮೊಣಕಾಲೂರಿ, ಕಣ್ಣು ಮುಚ್ಚಿ, ಪ್ರಾರ್ಥಿಸುತ್ತ ಆ ಬಿರುಕು ಹಿಮ್ಮಡಿಯನ್ನು ಎತ್ತಿಕೊಂಡ. ಹೆಬ್ಬೆರಳಿಗೆ ಏನೋ ತಣ್ಣಗೆ, ಮೆತ್ತಗೆ ಸಿಕ್ಕಿತು. ಕಣ್ಣು ಬಿಟ್ಟ. ಅವಳ ಕಾಲ್ಬೆರಳ ಸಂದಿಯಲ್ಲಿ ರಕ್ತ ಕುಡಿದು ಕಾಫಿ ಹಣ್ಣಿನಷ್ಟು ದಪ್ಪವಾದ ಜಿಗಣೆ!

“ಅಯ್ಯಯ್ಯೋ!” ಎಂದು ಹಾರಿದ ರಭಸಕ್ಕೆ ಬೋಗುಣಿ ಮಗುಚಿ, ಮುಕ್ಕಾಲು ನೀರು ಅವನ ಪಂಚೆಗೇ ಅಭಿಷೇಕವಾಯಿತು. ಹನ್ನೊಂದು ಮಂದಿ ಶಿಷ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ದೊಡ್ಡಿ ನಗಲಿಲ್ಲ. ಮಡಿಲಿನ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಜಿಗಣೆಗೆ ಮುಟ್ಟಿಸಿದಳು. ಅದು ಕಳಚಿ ಬಿತ್ತು. ಆಮೇಲೆ ಅವನ ಕಡೆ ನೋಡಿ, “ನಿಮ್ ಕಾಲ್ನಾಗೂ ಎಲ್ಡವೆ ಅಯ್ಯಾ” ಎಂದಳು.

ಜಯಶೀಲ ಬಗ್ಗಿ ನೋಡಿ, ನಿಂತಲ್ಲೇ ಕುಸಿದು ಕೂತ. “ತೆಗಿಯಮ್ಮಾ, ಬೇಗ ತೆಗಿ!”

ದೊಡ್ಡಿ ನೆಲಕ್ಕೆ ಕೂತು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಎರಡಕ್ಕೂ ಸುಣ್ಣ ಮುಟ್ಟಿಸಿ ಬೀಳಿಸಿದಳು. ಬೋಗುಣಿಯಲ್ಲಿ ಉಳಿದಿದ್ದ ನೀರಿನಿಂದ ರಕ್ತ ತೊಳೆದು, ಅವನ ಸೊಂಟದ ಹೊಸ ಟವೆಲನ್ನೇ ಎಳೆದುಕೊಂಡು ಬೆರಳ ಸಂದಿಯನ್ನೆಲ್ಲ ಒರೆಸಿದಳು. ಬೆಂಚಿನ ಮೇಲಿನ ನಗೆ ಒಬ್ಬೊಬ್ಬರದಾಗಿ ನಿಂತುಹೋಯಿತು.

“ಈಗ ನಿಮ್ಮ ಕಾಲು ಕೊಡಿ” ಎಂದ ಜಯಶೀಲ. ದನಿ ಸಣ್ಣಗಾಗಿತ್ತು.

“ಅನ್ನ ಸೀದೋಯ್ತದೆ” ಎಂದು ದೊಡ್ಡಿ ಎದ್ದು ನಡೆದೇಬಿಟ್ಟಳು.

ಮೇಷ್ಟ್ರು ಮತದ ಚೀಟಿ ಹಂಚತೊಡಗಿದರು. “ಜಯಶೀಲ, ಅದಕ್ಕೆ ಮುಂಚೆ ನೀನೇನೋ ಭಾಷಣ ಮಾಡೋನಿದ್ದೆಯಲ್ಲ?”

ಜೇಬಿನಲ್ಲಿ ನಾಲ್ಕು ಹಾಳೆಯ ಭಾಷಣವಿತ್ತು. ಅವನು ಅದನ್ನು ಮುಟ್ಟಿಯೂ ನೋಡಲಿಲ್ಲ. “ಈಗ ಬಂದೆ ಸಾರ್” ಎಂದವನು ಬಾವಿಯಿಂದ ಒಂದು ಕೊಡ ನೀರು ಸೇದಿ, ಚೆಲ್ಲಿಕೊಳ್ಳುತ್ತಲೇ ಅಡುಗೆಯ ಚಪ್ಪರಕ್ಕೆ ಹೊತ್ತುಕೊಂಡು ಹೋದ.

“ನೀರು ತಂದ್ರಾ? ಒಳ್ಳೇದಾಯ್ತು” ಎಂದು ದೊಡ್ಡಿ ಮೂಲೆಯಲ್ಲಿದ್ದ ಮಧ್ಯಾಹ್ನದ ತಟ್ಟೆಗಳ ರಾಶಿಯನ್ನು ತೋರಿಸಿದಳು.

“ಅಲ್ಲಮ್ಮಾ, ಇದು ನಿಮ್ಮ ಕಾಲಿಗೆ...”

“ನನ್ ಕಾಲು ನಾಳೀಕೂ ಕೊಳೆಯಾಯ್ತವೆ. ಈ ತಟ್ಟೆ ಬೆಳಗದಿದ್ರೆ ಇವತ್ತು ಯಾರೂ ಉಣ್ಣಂಗಿಲ್ಲ.”

ಮನೆಯಲ್ಲಿ ತಾನು ಕುಡಿದ ಲೋಟವನ್ನೂ ತೊಳೆದವನಲ್ಲ ಜಯಶೀಲ. ಬೂದಿ, ತೆಂಗಿನ ನಾರು ಹಿಡಿದು ಕುಕ್ಕರುಗಾಲಲ್ಲಿ ಕೂತ. ಆರನೆಯ ತಟ್ಟೆಗೆ ಬರುವಷ್ಟರಲ್ಲಿ ಬೆನ್ನು ಹಿಡಿದಿತ್ತು, ಮೂಗಿನ ಮೇಲೆ ಬೂದಿ ಮೆತ್ತಿತ್ತು. ಕಣದ ಕಡೆಯಿಂದ ಚಪ್ಪಾಳೆ ಕೇಳಿಸಿತು. ಯಾರು ಗೆದ್ದರೋ ಎಂದುಕೊಂಡು ಏಳನೆಯದಕ್ಕೆ ಕೈ ಹಾಕಿದ.

ಮೇಷ್ಟ್ರು ಚಪ್ಪರದೊಳಗೆ ಇಣುಕಿದರು. “ಬಾರಯ್ಯ, ನೀನೇ ಕಾರ್ಯದರ್ಶಿ! ಹನ್ನೊಂದರಲ್ಲಿ ಒಂಬತ್ತು ಮತ. ಭಾಷಣ ತಪ್ಪಿಸಿದೆಯಲ್ಲ, ಆ ಸಂತೋಷಕ್ಕೇ ಹಾಕಿದಾರೋ ಏನೋ. ಎಲ್ಲರೂ ಕಾಯ್ತಿದಾರೆ.”

ಜಯಶೀಲನ ಮುಖ ಅರಳಿತು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಎದ್ದೇಬಿಟ್ಟ. ಅಷ್ಟರಲ್ಲಿ ದೊಡ್ಡಿ ಅವನು ಬೆಳಗಿಟ್ಟ ತಟ್ಟೆಯೊಂದನ್ನು ತೆಗೆದು, ಹೆಬ್ಬೆರಳಿನಿಂದ ಉಜ್ಜಿ ನೋಡಿ, ಅವನ ಮುಂದೆ ಹಿಡಿದಳು.

“ಇದ್ರಾಗೆ ಇನ್ನೂ ಜಿಡ್ಡು ಐತೆ ಅಯ್ಯಾ.”

ಕಾರ್ಯದರ್ಶಿ ಮತ್ತೆ ಕುಕ್ಕರುಗಾಲಲ್ಲಿ ಕೂತ.