ಬೆನ್ನ ಹಿಂದಿನ ಕೈ

ಮಗನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಅವನು ರಿಪೇರಿಗೆಂದು ಬಿಚ್ಚಿಟ್ಟು ಹೋಗಿದ್ದ ಹಳೆಯ ಕಲರ್ ಟಿವಿಯ ಧೂಳು ಒರೆಸಲು ಅತ್ತೆ ಕೈಚಾಚಿದರು.

"ಮುಟ್ಬೇಡಿ ಅತ್ತೆ!" ಕೂತಲ್ಲಿ ಕೂರಲಾಗದೆ ಸುತ್ತುತ್ತಿದ್ದ ಸೊಸೆ ಓಡಿಬಂದಳು.

"ಪ್ಲಗ್ಗೇ ಹಾಕಿಲ್ವಲ್ಲೇ."

"ತೆಗೆದು ಎಷ್ಟೋ ದಿನ ಆದ್ರೂ ಪಿಕ್ಚರ್ ಟ್ಯೂಬಲ್ಲಿ ಕರೆಂಟ್ ಉಳಿದಿರುತ್ತೆ. ಇವರೇ ಹೇಳ್ತಿದ್ರು."

ಪಕ್ಕದಲ್ಲೇ ಬಿದ್ದಿದ್ದ ಸ್ಕ್ರೂಡ್ರೈವರಿಗೆ ಸುತ್ತಿದ್ದ ತಂತಿಯನ್ನು ಟಿವಿಯ ಲೋಹದ ಚೌಕಟ್ಟಿಗೆ ಸಿಕ್ಕಿಸಿ, ಕರೆಂಟ್ ಎದೆಗೆ ಹಾಯದಂತೆ ಗಂಡ ಮಾಡುತ್ತಿದ್ದ ಹಾಗೆಯೇ ಎಡಗೈಯನ್ನು ಬೆನ್ನ ಹಿಂದೆ ಇಟ್ಟು, ಸ್ಕ್ರೂಡ್ರೈವರಿನ ತುದಿಯನ್ನು ಟ್ಯೂಬಿನ ರಬ್ಬರ್ ಮುಚ್ಚಳದಡಿ ತೂರಿಸಿದಳು. ಚಟ್ ಎಂದು ಕಿಡಿ ಹಾರಿತು. ಅವನು ಹರಿಸಿದ್ದ ಕೊನೆಯ ಕರೆಂಟು ಅದು.

ತಕ್ಷಣವೇ ಸ್ಕ್ರೂಡ್ರೈವರ್ ಹಿಡಿದು ಪಕ್ಕದ ಬೀದಿಯ ಮೆಕ್ಯಾನಿಕ್ ಅಂಗಡಿಗೆ ನಡೆದಳು.

"ಅಣ್ಣ, ಇವರು ನಿಮ್ಮಿಂದ ತಂದಿದ್ರಲ್ಲ."

ಮೆಕ್ಯಾನಿಕ್ ಅದನ್ನು ತೆಗೆದುಕೊಂಡು ಅವಳನ್ನೇ ನೋಡಿದ. "ಎಡಗೈ ಈಚೆ ತೆಗಿಯಮ್ಮ. ಇಲ್ಲೇನೂ ಶಾಕ್ ಹೊಡೆಯಲ್ಲ."

ಆಗಷ್ಟೇ ಅವಳು ಬೆನ್ನ ಹಿಂದೆಯೇ ಇದ್ದ ಆ ಕೈಯನ್ನು ಮುಂದೆ ತಂದಳು.