ನೋಡ್ಕೋತೀನಿ

ಮೇಜಿನ ಮೇಲಿನ ಫೋನ್ ರಿಂಗಾಯಿತು. ಆಪರೇಟರಮ್ಮನ ಎಡಗೈ ಹಳೆಯ ಅಭ್ಯಾಸದಂತೆ ಅತ್ತ ಚಾಚಿತು. ರಿಸೀವರಿನ ಬದಲು ಲೋಟಕ್ಕೆ ತಗುಲಿ, ನೀರೆಲ್ಲ ಪಕ್ಕದಲ್ಲಿ ಕೂತಿದ್ದ ತಮ್ಮನ ಪ್ಯಾಂಟಿನ ಮೇಲೆ ಚೆಲ್ಲಿತು.

"ಪರವಾಗಿಲ್ಲ ಬಿಡಕ್ಕ," ತಮ್ಮ ಕರ್ಚೀಫಿನಿಂದ ಒರೆಸಿಕೊಳ್ಳುತ್ತ ನಕ್ಕ. "ಮನೆಗೆ ನಡಿ, ನೋಡ್ಕೋತೀನಿ."

ಆಪರೇಟರಮ್ಮನ ಬಲಗೈ ಆಗ ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿಯ ಅಂಗೈಗಳ ನಡುವೆ ಇತ್ತು. ಅಷ್ಟು ಹೊತ್ತು ಸವರಿ, ಮಡಿಸಿ, ಬಿಡಿಸಿ ಆಗಷ್ಟೇ ಮೆತ್ತಗಾಗಿದ್ದ ಕೈ. ಆ ಮಾತು ಕೇಳಿದ್ದೇ ತಡ, ಸೌದೆ ತುಂಡಿನಂತೆ ಸೆಟೆದುಕೊಂಡಿತು.

ಸಕ್ಕರೆ ಕಾಯಿಲೆ ಕಣ್ಣು ಕಿತ್ತುಕೊಳ್ಳುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು ಅವಳು. ಆಸ್ಪತ್ರೆಯಲ್ಲಿ ಎಲ್ಲರಿಗೂ ಆಪರೇಟರಮ್ಮನೇ. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರೀತು ಎಂದು ತಮ್ಮ ಹೇಳಿದ್ದ. ಅವಳನ್ನು ಏನೇ ಕೇಳಿದರೂ ಉತ್ತರ ಅವನದೇ. ಮನೇಲಿ ಯಾರು ನೋಡ್ಕೋತಾರೆ ಎಂದು ಹುಡುಗಿ ಮೊದಲ ದಿನ ಕೇಳಿದಾಗ ಮಾತ್ರ ಆಪರೇಟರಮ್ಮ ತಾನೇ ಬಾಯಿಬಿಟ್ಟು, "ತಮ್ಮ ನೋಡ್ಕೋತಾನೆ" ಎಂದಿದ್ದಳು. ಅಬ್ಬಾ, ತಮ್ಮ ಅಂದ್ರೆ ಹೀಗಿರ್ಬೇಕು ಎಂದು ಹುಡುಗಿ ಊಟದ ಹೊತ್ತಿನಲ್ಲಿ ಎಲ್ಲರೆದುರು ಅವನನ್ನು ಹೊಗಳಿದ್ದೇ ಹೊಗಳಿದ್ದು. ನಮ್ಮ ಭಾಷೆಯಾದರೂ ಎಂಥದ್ದು ನೋಡಿ. ಕೂಸು ಎತ್ತಿಕೊಂಡವಳೂ ನೋಡ್ಕೋತೀನಿ ಅನ್ನುತ್ತಾಳೆ, ತೋಳೇರಿಸಿ ಬಂದವನೂ ನೋಡ್ಕೋತೀನಿ ಅನ್ನುತ್ತಾನೆ. ಇವನು ಯಾವ ಅರ್ಥದಲ್ಲಿ ಹೇಳಿದ ಎಂಬುದು ಹುಡುಗಿಗೆ ಆ ಕೈಯಿಂದಲೇ ಗೊತ್ತಾಯಿತು.

"ಸಾರ್, ಮುಂದಿನ ವ್ಯಾಯಾಮಕ್ಕೆ ಪೇಷಂಟ್ ಒಬ್ಬರೇ ಇರ್ಬೇಕು. ಸ್ವಲ್ಪ ಹೊರಗೆ ಕೂತ್ಕೊಳ್ಳಿ."

"ನಾನಿಲ್ದೆ ಅಕ್ಕನ ಕೈಲಿ ಏನೂ ಆಗಲ್ಲಮ್ಮ."

"ಆಗ್ಲಿ ಅಂತಾನೇ ಸಾರ್ ವ್ಯಾಯಾಮ." ನಗುನಗುತ್ತಲೇ ಅವನನ್ನು ಸಾಗಹಾಕಿ ಬಾಗಿಲು ಮುಚ್ಚಿದಳು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದಳು. "ಅಮ್ಮ, ತಮ್ಮ ನೋಡ್ಕೋತಾನೆ ಅಂದಿದ್ರಲ್ಲ, ಹೇಗೆ ನೋಡ್ಕೋತಾರೆ?"

ಆಪರೇಟರಮ್ಮ ಚಪ್ಪಲಿ ಸದ್ದು ದೂರವಾಗುವವರೆಗೂ ಕಿವಿಗೊಟ್ಟು ಕೂತಳು. ಆಮೇಲೆ ಮಾತು ತಾನಾಗಿ ಬಂತು. "ಗೆಳತಿಗೆ ಫೋನ್ ಮಾಡಿ ಒಂದಿನ ಅತ್ತುಬಿಟ್ಟೆ ಕಣಮ್ಮ. ಮನೆ ವಿಷಯ ಆಚೆ ಹೇಳ್ತೀಯಾ ಅಂತ ಫೋನ್ ಕಿತ್ಕೊಳ್ಳೋಕೆ ಬಂದ. ನಾನು ಬಿಡ್ಲಿಲ್ಲ, ಕೈ ತಿರುಚಿದ. ಈಗ ಫೋನೂ ಇಲ್ಲ, ಬಾಗಿಲಿಗೆ ಹೊರಗಿಂದ ಬೀಗ ಬೇರೆ. ಬಚ್ಚಲು ಪಾಪ ಏನ್ ಮಾಡಿತ್ತು? ತನ್ನ ಪಾಡಿಗೆ ತಾನು ಒಣಗ್ಕೊಂಡು ಬಿದ್ದಿತ್ತು."

ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು. ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಡಿದರೆ ಆಮೇಲೆ ಅನುಭವಿಸುವವರು ಯಾರು? ಕೋಪ ನುಂಗಿಕೊಂಡು ಮತ್ತೆ ಕೂತಳು. "ನಿಮ್ಮ ಮಾತು ನಾನು ನಂಬ್ತೀನಮ್ಮ. ಇದ್ರಲ್ಲಿ ನಿಮ್ಮ ತಪ್ಪು ಏನೇನೂ ಇಲ್ಲ. ಇಂಥದ್ದಕ್ಕೆ ಅಂತಾನೇ ಇಲ್ಲಿ ಒಬ್ಬರು ಮೇಡಂ ಇದ್ದಾರೆ, ನೀವು ಹೂಂ ಅಂದ್ರೆ ಕರೀತೀನಿ. ಇವತ್ತು ಆ ಮನೆಗೆ ವಾಪಸ್ ಹೋಗ್ಬೇಕಾ, ಬೇಡ್ವಾ? ನೀವು ಹೇಳಿದ ಹಾಗೆ."

"ನಾನು ಹೇಳಿದ ಹಾಗೆ..." ಆಪರೇಟರಮ್ಮ ಆ ಮಾತನ್ನು ತಾನೂ ಒಮ್ಮೆ ಆಡಿ ನೋಡಿದಳು. ಅವಳ ಕಿವಿಗೆ ಅದು ಬಿದ್ದು ಯಾವ ಕಾಲವಾಗಿತ್ತೋ! "ಹೋಗಲ್ಲ. ಮೇಡಂನ ಕರಿ. ಅದಕ್ಕೂ ಮುಂಚೆ ಆ ಫೋನು ಇತ್ತ ತಳ್ಳು. ಗೆಳತಿ ನಂಬರು ಬಾಯಿಪಾಠ ನಂಗೆ."

ಹುಡುಗಿ ಫೋನನ್ನು ಅವಳತ್ತ ತಳ್ಳಿ, ರಿಸೀವರನ್ನು ಎತ್ತಿ ಬಾಗಿಲಿಗೆ ಕಾಣದಂತೆ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ನೋವಿನ ಕೈಯ ತೋರುಬೆರಳು ಐದರ ಗುಂಡಿಯ ಮೇಲಿನ ಪುಟ್ಟ ಉಬ್ಬನ್ನು ಹುಡುಕಿತು. ಅಲ್ಲಿಂದ ದಾರಿ ಅದಕ್ಕೆ ಗೊತ್ತಿತ್ತು. ನಂಬರು ಅರ್ಧವಾಗಿತ್ತು, ಬಾಗಿಲು ತೆರೆಯಿತು.

"ಏನ್ ನಡೀತಿದೆ ಇಲ್ಲಿ?"

"ಬೆರಳಿನ ವ್ಯಾಯಾಮ ಸಾರ್, ಗುಂಡಿ ಒತ್ತಿಸ್ತಾ ಇದ್ದೀನಿ," ಹುಡುಗಿ ತಿರುಗಿಯೂ ನೋಡಲಿಲ್ಲ. "ನೋಡಿ, ನೀವು ಮಧ್ಯ ಬಂದ್ರಿ, ಈಗ ಮೊದಲಿಂದ ಶುರು ಮಾಡ್ಬೇಕು."

ಬಾಗಿಲು ಮುಚ್ಚಿತು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಕರೆ ಮುಗಿದ ಮೇಲೆ ಹುಡುಗಿ ಮೇಡಂನ ಕರೆಸಿದಳು. ಆಸ್ಪತ್ರೆಗೆ ಓಡಿ ಬಂದ ಗೆಳತಿ, ಬಂದವಳೇ ಅಪ್ಪಿಕೊಂಡಳು. "ಬದುಕಿದ್ದೀಯೇನೇ ಪುಣ್ಯಾತ್ಗಿತ್ತಿ! ಯಾವಾಗ ಬಂದ್ರೂ ಅಕ್ಕ ಮಲಗಿದ್ದಾಳೆ ಅಂತ ಬಾಗಿಲಲ್ಲೇ ಸಾಗಹಾಕ್ತಿದ್ದ ಈ ಮಹಾರಾಯ!" ತಮ್ಮ ಹಾರಾಡಿದ, ಕೂಗಾಡಿದ. ಮೇಡಂ ಮತ್ತು ವಾಚ್‌ಮನ್ ಅಡ್ಡ ನಿಂತರು. ಆಪರೇಟರಮ್ಮ ಅವನ ದನಿ ಬಂದ ಕಡೆ ಮುಖ ಮಾಡಿ, "ಲೈನ್ ಕಟ್ ಮಾಡ್ತಿದ್ದೀನಿ ಕಣೋ" ಎಂದಷ್ಟೇ ಹೇಳಿ, ಗೆಳತಿಯ ಹೆಗಲು ಹಿಡಿದು ಹೊರಟಳು.

ಕೈ ಪೂರ್ತಿ ವಾಸಿಯಾದ ದಿನ ಇಬ್ಬರೂ ಬಂದರು. ಆಪರೇಟರಮ್ಮ ಹುಡುಗಿಯ ಕೆನ್ನೆ ತಡವಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ. ಎಲ್ರೂ ನನ್ನ ಮೂಳೆ ನೋಡಿದ್ರು, ಎಕ್ಸ್‌ರೇ ನೋಡಿದ್ರು. ನನ್ನನ್ನ ನೋಡಿದವಳು ನೀನೊಬ್ಬಳೇ" ಎಂದಳು. ಹುಡುಗಿ ನಾಚಿ ಅವಳನ್ನು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಮಾತು ಬದಲಿಸಲು ಏನಾದರೂ ಕೇಳಬೇಕಲ್ಲ, "ಈಗ ಮನೇಲಿ ಯಾರು ನೋಡ್ಕೋ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡಳು.

"ಯಾರೂ ನೋಡ್ಕೊಳ್ಳಲ್ಲಮ್ಮ," ಗೆಳತಿ ನಕ್ಕಳು. "ಜೊತೆಗಿದ್ದೀವಿ, ಅಷ್ಟೇ. ರೇಡಿಯೋ ಸೌಂಡಿಗೆ ದಿನಾ ಜಗಳ."

ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ರಿಂಗಾಯಿತು. ಹುಡುಗಿ ಏಳುವ ಮುಂಚೆಯೇ ಆಪರೇಟರಮ್ಮನ ಬಲಗೈ ನೀರಿನ ಲೋಟವನ್ನು ದಾಟಿ ನೇರವಾಗಿ ಹೋಗಿ ರಿಸೀವರ್ ಎತ್ತಿತು.

"ನಮಸ್ಕಾರ, ಹೇಳಿ. ಯಾರು ಬೇಕಿತ್ತು?"