ಹಾಗಲಕಾಯಿಗೆ ಸಾಕ್ಷಿ

"ಈ ಪೇಪರ್ ತೆಗೆದುಹಾಕಮ್ಮ, ನೋಡಿದ್ರೇನೇ ಸುಳ್ಳು ಅನ್ಸತ್ತೆ," ಎಂದು ಗಣಪತಿ ಮಗಳ ಲ್ಯಾಪ್‌ಟಾಪ್‌ಗೆ ಬೆರಳು ಚಾಚಿದರು.

"ಅಪ್ಪಾ, ಪ್ಲೀಸ್! ಯಾವುದು ಇರ್ಬೇಕು, ಯಾವುದು ಹೋಗ್ಬೇಕು ಅಂತ ರೂಲ್ಸ್ ಮೊದಲೇ ಬರೆದಾಗಿದೆ. ನಮಗೆ ಬೇಕಾದ್ದು ಪಿಕ್ ಮಾಡೋ ಹಾಗಿಲ್ಲ."

ಗಾರ್ಗಿ ನ್ಯೂಯಾರ್ಕಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧಕಿ. ಹಾಗಲಕಾಯಿ ರಸದಿಂದ ಸಕ್ಕರೆ ಕಾಯಿಲೆ ಇಳಿಯುತ್ತದೆಯೇ ಎಂಬ ಬಗ್ಗೆ ಜಗತ್ತಿನಲ್ಲಿ ಬಂದಿರುವ ಅಧ್ಯಯನಗಳನ್ನೆಲ್ಲ ಹುಡುಕಿ, ಸೋಸಿ, ತೂಗಿ ನೋಡುವುದು ಅವಳ ಈಗಿನ ಕೆಲಸ. ಬಾಸ್ಕಿಂಗ್ ರಿಡ್ಜ್‌ನ ಮನೆಯಲ್ಲಿ ಕೂತು ಅವಳೂ, ಸೀಕಾಕಸ್ ಊರಿನಲ್ಲಿ ಕೂತು ಅವಳ ಸಹೋದ್ಯೋಗಿ ಟೋನಿಯೂ ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣದಂತೆ ಒಂದೊಂದೇ ಪೇಪರನ್ನು ಸೋಸುತ್ತಿದ್ದರು. ಮೂರನೆಯವರಾಗಿ ಗಣಪತಿ ತಾವೇ ಸೇರಿಕೊಂಡಿದ್ದರು. ಪಾಪ, ಅವರಿಗೂ ಕಾರಣವಿತ್ತು. ಡಾಕ್ಟರು ಕೊಟ್ಟ ಮಾತ್ರೆ ಸಾಲದೆಂದು ಹೆಂಡತಿ ಉಷಾ ದಿನಾ ಬೆಳಿಗ್ಗೆ ಅವರಿಗೆ ಒಂದು ಲೋಟ ಹಾಗಲಕಾಯಿ ರಸ ಕುಡಿಸುತ್ತಿದ್ದರು. "ಪ್ರಯೋಜನ ಇಲ್ಲ ಅಂತ ಗಾರ್ಗಿ ಹೇಳಲಿ, ಅವತ್ತೇ ನಿಲ್ಲಿಸ್ತೀನಿ," ಎಂದು ಮಾತೂ ಕೊಟ್ಟಿದ್ದರು.

ಉಷಾ ಏನು ಸುಮ್ಮನಿರುವವರೇ? ಅಡುಗೆಮನೆಯಿಂದಲೇ ಕೂಗಿದರು: "ಮಾರಿಸ್‌ಟೌನ್ ಮಂಜರಿಗೆ ಇದನ್ನ ಕುಡಿದೇ ಶುಗರ್ ಇಳಿದಿದ್ದು. ಅದನ್ನೂ ಸೇರಿಸ್ಕೊಳ್ಳೇ. ಬೇಕಾದ್ರೆ ಅವಳ ಯಜಮಾನರು ಶಿವರಾಮ್‌ರನ್ನ ಕೇಳು, ಬೇವಿನ ಕಷಾಯ ಕುಡೀತಾರಲ್ಲ, ಅವರೂ ಹೌದು ಅಂದ್ರು."

"ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ!" ಗಣಪತಿ ಚಪ್ಪಾಳೆ ತಟ್ಟಿದರು.

"ಅಮ್ಮಾ, ದಟ್ಸ್ ನಾಟ್ ಎ ಸ್ಟಡಿ," ಗಾರ್ಗಿಗೆ ನಗು ತಡೆಯಲಾಗಲಿಲ್ಲ. "ಒಬ್ರು ಕುಡಿದ್ರೆ ಸಾಲಲ್ಲ. ಕುಡಿಯದೇ ಇರೋರನ್ನೂ ಪಕ್ಕದಲ್ಲಿಟ್ಟು ಕಂಪೇರ್ ಮಾಡ್ಬೇಕು."

ಕೆಲವು ತಿಂಗಳ ಮೇಲೆ ವರದಿ ಮುಗಿಯಿತು. ಶನಿವಾರ ಬೆಳಿಗ್ಗೆ, ಹಸಿರು ರಸದ ಲೋಟ ಮೇಜಿನ ಮೇಲಿರುವಾಗಲೇ, ಗಾರ್ಗಿ ಕೊನೆಯ ಪುಟವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಳು: "ಹಾಗಲಕಾಯಿ ರಸದಿಂದ ಪ್ರಯೋಜನ ಇದೆ ಅನ್ನೋಕೆ ಈಗಿರೋ ಪುರಾವೆ ಸಾಲದು."

ಗಣಪತಿ ಕುರ್ಚಿಯಿಂದೆದ್ದರು. ಬೀಸುವ ದೊಣ್ಣೆ ತಪ್ಪಿತ್ತು. ಲೋಟ ಎತ್ತಿಕೊಂಡು ಸೀದಾ ಸಿಂಕಿನ ಕಡೆ ನಡೆದರು.

"ಇರಿ," ಎಂದರು ಉಷಾ. "ಅದರ ಕೆಳಗೆ ಇನ್ನೊಂದು ಸಾಲಿದ್ಯಲ್ಲ, ಅದೇನೇ?"

ಗಾರ್ಗಿ ಅಪ್ಪನ ಮುಖ ನೋಡದೆ ಹೇಳಿದಳು: "ಇನ್ನೂ ಹೆಚ್ಚಿನ ಅಧ್ಯಯನ ಆಗ್ಬೇಕು ಅಂತ. ಎಲ್ಲಾ ರಿವ್ಯೂಲೂ ಹಾಗೇ ಬರೀತಾರಮ್ಮ."

"ಇಲ್ಲ ಅಂತ ಎಲ್ಲೂ ಹೇಳಿಲ್ಲ, ಅಲ್ವಾ? ಹಾಗಾದ್ರೆ ಅಧ್ಯಯನ ನಡೀಲಿ. ಕುಡೀರಿ."

"ನಾನೊಬ್ಬನೇ ಕುಡಿದ್ರೆ ಅದು ಅಧ್ಯಯನ ಹೇಗಾಗತ್ತೆ? ಮಗಳು ಅವತ್ತು ಹೇಳ್ಲಿಲ್ವಾ?"

ಉಷಾ ತಮ್ಮ ಕಾಫಿಗೆ ಎರಡನೇ ಚಮಚ ಸಕ್ಕರೆ ಹಾಕಿ, ನಿಧಾನವಾಗಿ ಕಲಕಿ, ಗಂಡನ ಎದುರಿಗೇ ಬಂದು ಕೂತರು.

"ಕುಡಿಯದೇ ಇರೋರೂ ಒಬ್ರು ಬೇಕಲ್ವಾ? ನಾನಿದೀನಿ."